ಕಲ್ಲವ್ವನ ಕಿಟಕಿ

ರಿಬ್ಬನ್ ಇನ್ನೂ ಕತ್ತರಿಸಿರಲಿಲ್ಲ. ಅಷ್ಟರಲ್ಲೇ ಕಲ್ಲವ್ವ ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹತ್ತಿ, ರೈಲು ಬೋಗಿಯ ಕಿಟಕಿ ಸರಳುಗಳ ನಡುವೆ ಕೈ ತೂರಿಸಿ, ಸೀಟಿನ ಮೇಲೆ ತನ್ನ ಟವೆಲ್ ಹಾಸಿಬಿಟ್ಟಳು.

"ಕೆಳಗ ಇಳಿ," ಎಂದು ನಿಜಲಿಂಗಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ. ಅವನು ಕಲ್ಲವ್ವನ ಗಂಡ, ಬೋಗಿ ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷ. ಅವತ್ತು ಬೆಳಗಿನಿಂದ ಮನೆಯಲ್ಲೂ ಅಧ್ಯಕ್ಷನಾಗಿಯೇ ಮಾತಾಡುತ್ತಿದ್ದ. "ಆ ಸೀಟು ನಮ್ಮ ವಾರ್ಡಿನ ನಗರಸೇವಕರಿಗೆ ಇಟ್ಟೇವಿ. ಅಲ್ಲಿ ಕುಂತು ಕೈ ಬೀಸ್ತಾರ, ಫೋಟೋ ಆಗ್ತದ. ಟವೆಲ್ ತಗಿ."

"ಅವರು ಟವೆಲ್ ಹಾಕ್ಯಾರೇನು?"

"ಹುಚ್ಚಿ, ಈ ಗಾಡಿ ಎಲ್ಲಿಗೂ ಹೋಗೂದಿಲ್ಲ. ಎಲ್ಲಿ ಕುಂತ್ರೇನು?"

"ಹಂಗಾರ ಅವರೂ ಎಲ್ಲೆರೆ ಕೂಡ್ಲಿ."

ಗಾಡಿ ಎಲ್ಲಿಗೂ ಹೋಗುವುದಿಲ್ಲ ಎಂಬುದು ನಿಜವೇ. ಮೀಟರ್ ಗೇಜ್ ಕಾಲದ ಆ ಮರದ ಬೋಗಿಯನ್ನು ಯಾವುದೋ ಕಾರ್ಖಾನೆಯವರು ಗುಜರಿಯಲ್ಲಿ ಕೊಂಡು ಕ್ಯಾಂಟೀನು ಮಾಡಿಕೊಂಡಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಅದು ಪುಣೆ ಹತ್ತಿರದ ತಳೇಗಾಂವದ ಈ ಕನ್ನಡಿಗರ ಕಾಲೊನಿಯ ಮಗ್ಗುಲಲ್ಲಿ ಕೋಳಿಗಳ ಪಾಲಾಗಿತ್ತು. ಚಳಿಗಾಲವಿಡೀ ಭಾನುವಾರ ಬಂತೆಂದರೆ ಕಾಲೊನಿಯವರೆಲ್ಲ ಸೇರಿ ತುಕ್ಕು ಕೆರೆದರು, ಹಲಗೆ ಜೋಡಿಸಿದರು, ಕೆಂಪು ಬಣ್ಣ ಬಳಿದರು. ಕಲ್ಲವ್ವ ಮಾತ್ರ ಬೇರೆಲ್ಲೂ ಕೈ ಹಾಕದೆ ಒಂದೇ ಕಿಟಕಿ ಹಿಡಿದು ಕೂತಳು. ಬಿಗಿದು ಹೋಗಿದ್ದ ಅದರ ಮರದ ಬಾಗಿಲಿಗೆ ಮೇಣದ ಬತ್ತಿ ಉಜ್ಜಿ ಉಜ್ಜಿ, ಬೆರಳು ತಾಕಿಸಿದರೆ ಸಾಕು ಮೇಲೇರುವ ಹಾಗೆ ಮಾಡಿದಳು. ಯಾಕೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮದುವೆಯಾಗಿ ಪುಣೆಗೆ ಬಂದ ಮೇಲೆ ತಮ್ಮೂರು ಗೋಕಾಕಿಗೆ ರೈಲಿನಲ್ಲಿ ಅದೆಷ್ಟು ಸಲ ಹೋಗಿ ಬಂದಿದ್ದಳೋ, ಒಂದು ಸಲವೂ ಅವಳಿಗೆ ಕಿಟಕಿ ಸಿಕ್ಕಿರಲಿಲ್ಲ. ಮೊದಲು ಅತ್ತೆಗೆ ವಾಂತಿ, ಆಮೇಲೆ ಮಕ್ಕಳ ಹಟ, ಅವರು ದೊಡ್ಡವರಾದ ಮೇಲೆ ಗಂಡನಿಗೆ ಗಾಳಿ ಬೇಕು, ಈಗ ಮೊಮ್ಮಕ್ಕಳು. ಅವಳು ಯಾವಾಗಲೂ ನಡುವೆ, ತೊಡೆಯ ಮೇಲೆ ಬುತ್ತಿ ಗಂಟು. ಹೊಳೆ ಬಂತು, ಹೊಳೆ ಬಂತು ಎಂದು ಎಲ್ಲರೂ ಕೂಗಿದಾಗ ಅವಳಿಗೆ ಕಾಣುತ್ತಿದ್ದದ್ದು ಯಾರದ್ದೋ ಕಂಕುಳು.

ಢೋಲು ಬಡಿಯಿತು. ನಗರಸೇವಕರು ಬಂದರು, ರಿಬ್ಬನ್ ತುಂಡಾಯಿತು. ಅಲ್ಲಿಯ ತನಕ ಬೀಗರ ಗತ್ತಿನಲ್ಲಿ ನಿಂತಿದ್ದ ಜನಕ್ಕೆ ರೈಲಿನ ಬಾಗಿಲು ತೆರೆದದ್ದೇ ತಡ, ಅದೇನಾಯಿತೋ, ಒಬ್ಬರ ಮೇಲೊಬ್ಬರು ಬಿದ್ದು ನುಗ್ಗಿದರು. ಕಿಟಕಿಗಳಿಂದ ಕರವಸ್ತ್ರ, ಚೀಲ, ಒಂದು ಚಪ್ಪಲಿ ಕೂಡ ಒಳಗೆ ಹಾರಿ ಬಂದವು. ಬ್ಯಾಂಕಿನ ಮ್ಯಾನೇಜರ್ ಈರಣ್ಣ ಸೂಟು ಬೂಟಿನಲ್ಲೇ ಮೇಲಿನ ಹಲಗೆ ಹತ್ತಿ ಮಲಗಿಬಿಟ್ಟ. ಪಕ್ಕದ ಮನೆಯ ರುದ್ರವ್ವ ಕೂತ ಮರುಗಳಿಗೆಯೇ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಿ, ದಿನಾ ಬಾಗಿಲಲ್ಲಿ ಮುಖ ನೋಡುವವರನ್ನೇ "ಎಲ್ಲೀ ತನಕ ಹೊಂಟೀರಿ?" ಎಂದು ಕೇಳಿದಳು.

"ಇಲ್ಲೀ ತನಕ್ರೀ," ಎಂದರು ಅವರು, ರೊಟ್ಟಿಗೆ ಕೈ ಚಾಚುತ್ತ.

ಕಲ್ಲವ್ವ ಬಾಗಿಲಲ್ಲಿ ಢೋಲಿನ ಹಿಂದೆ ಸಿಕ್ಕಿಬಿದ್ದಿದ್ದಳು. ತಲೆಗಳ ಸಂದಿಯಲ್ಲಿ ನೋಡುತ್ತಾಳೆ, ಗಂಡ ನಗರಸೇವಕರನ್ನು ಸೀದಾ ಅವಳ ಕಿಟಕಿಗೇ ಕರೆದೊಯ್ಯುತ್ತಿದ್ದಾನೆ. ಅವನ ಕೈ ಟವೆಲಿನ ಕಡೆ ಹೋಯಿತು.

"ಥಾಂಬಾ," ಎಂದು ನಗರಸೇವಕರು ಅವನ ಕೈ ಹಿಡಿದರು. ಲೋಣಾವಳಾ ಲೋಕಲ್ ರೈಲಿನಲ್ಲಿ ನೇತಾಡಿಯೇ ದೊಡ್ಡವರಾದ ಮನುಷ್ಯ ಅವರು. "ಟಾವೆಲ್ ಆಹೇ ಇಥೆ. ಕೋಣಾಚಾ?" ಟವೆಲ್ ಯಾರದೆಂದು ಮರಾಠಿಯಲ್ಲಿ ಕೇಳಿದರು.

"ಮಾಝಾ, ನಂದು," ಎಂದು ಬಾಗಿಲಿನಿಂದ ಬಂದ ಕಲ್ಲವ್ವನ ದನಿಗೆ ಢೋಲಿನವನು ಬಡಿಯುವುದನ್ನೇ ನಿಲ್ಲಿಸಿದ.

ನಗರಸೇವಕರು ತಿರುಗಿ ನೋಡಿದರು. ಯಾರನ್ನು ಬೇಕಾದರೂ ಎದುರು ಹಾಕಿಕೊಳ್ಳಬಹುದು, ಟವೆಲ್ ಹಾಕಿದ ಮುದುಕಿಯ ಸೀಟಿನಲ್ಲಿ ಕೂತರೆ ಮುಂದಿನ ಚುನಾವಣೆಯಲ್ಲಿ ಠೇವಣಿಯೂ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. "ಯಾ ಆಜಿ, ಬಸಾ," ಎಂದು ತಾವೇ ದಾರಿ ಬಿಡಿಸಿ ಕೂರಿಸಿದರು. ಫೋಟೋದಲ್ಲಿ ಕಿಟಕಿಯ ತುಂಬ ಕಲ್ಲವ್ವನ ಮುಖ, ನಗರಸೇವಕರದು ಒಂದು ಮೊಣಕೈ.

ಕಲ್ಲವ್ವ ಸರಳಿಗೆ ಕೆನ್ನೆ ಹಚ್ಚಿ ಹೊರಗೆ ನೋಡಿದಳು. ಕಾಂಪೌಂಡ್ ಗೋಡೆ, ನೀರಿನ ಟ್ಯಾಂಕರ್, ಎದುರುಮನೆ ತ್ರಿವೇಣಿಯ ಮಾಳಿಗೆಯ ಮೇಲೆ ಒಣಗಲು ಹಾಕಿದ ಬಟ್ಟೆ. ದಿನಾ ನೋಡಿ ಬೇಸತ್ತದ್ದೇ. ಕಿಟಕಿಯಲ್ಲಿ ನೋಡಿದರೆ ಅದೇ ಯಾವುದೋ ಹೊಸ ಊರಿನ ಹಾಗೆ ಕಂಡಿತು. ಅವಳು ಖುಷಿ ತಡೆಯಲಾರದೆ ಒಬ್ಬಳೇ ನಕ್ಕಳು.

"ಬನ್ನಿ ಮಾರಾಯ್ರೆ, ಬನ್ಸ್ ಬಿಸಿ ಉಂಟು," ಎಂದು ಹೋಟೆಲಿನ ಸುಖೇಶ್ ಹೊರಗಿನಿಂದ ಕರೆದದ್ದೇ, ಜನ ಹತ್ತಿದ ಹಾಗೆಯೇ ಒಬ್ಬರನ್ನೊಬ್ಬರು ತಳ್ಳಿಕೊಂಡು ಇಳಿದರು. ಬೋಗಿ ಖಾಲಿಯಾಯಿತು. ನಿಜಲಿಂಗಪ್ಪ ಹುಡುಕಿಕೊಂಡು ಬಂದ.

"ಎಲ್ಲಾರೂ ಇಳದ್ರು. ನೀ ಇಳಿಯೂದಿಲ್ಲೇನು?"

"ಅವರ ಊರು ಬಂತು, ಇಳದ್ರು," ಎಂದಳು ಕಲ್ಲವ್ವ, ಮುಖ ತಿರುಗಿಸದೆ. "ನಮ್ಮದು ಇನ್ನೂ ಬಂದಿಲ್ಲ."

ನಿಜಲಿಂಗಪ್ಪ ಎದೆಯ ಮೇಲಿನ ಅಧ್ಯಕ್ಷರ ಬ್ಯಾಡ್ಜು ಬಿಚ್ಚಿ ಕಿಸೆಗೆ ಹಾಕಿಕೊಂಡು ಹೆಂಡತಿಯ ಪಕ್ಕದಲ್ಲಿ ಕೂತ. ಅಲ್ಲಿಂದ ಅವನಿಗೆ ಅವಳ ಭುಜ ಬಿಟ್ಟರೆ ಏನೂ ಕಾಣಲಿಲ್ಲ.

"ಹೊರಗ ಏನು ಕಾಣಸ್ತದ?" ಎಂದು ಕೇಳಿದ.

"ಭಾಳ ಕಾಣಸ್ತದ," ಎಂದಳು ಕಲ್ಲವ್ವ. "ನೀವು ಕಣ್ಣು ಮುಚ್ಚಿ ಮಲಕೋರಿ. ಊರು ಬಂದಾಗ ಎಬ್ಬಸ್ತೀನಿ."