ನೀಲಿ ಮುಚ್ಚಳದ ಡಬ್ಬಿ

ಯಲ್ಲೇಶನನ್ನು ಇಬ್ಬರು ಹೊತ್ತು ತಂದು ಆಟೋದೊಳಗೆ ಮಲಗಿಸಿದರು. ತುಟಿ ಒಣಗಿತ್ತು, ಕಣ್ಣುಗಳು ಗುಳಿಬಿದ್ದಿದ್ದವು. ಬೆಳಗಾಗುವುದರೊಳಗೆ ವಾಂತಿಭೇದಿ ಅವನನ್ನು ಹಿಂಡಿ ಹಾಕಿತ್ತು. ಮಧ್ಯಾಹ್ನ ಹುಕ್ಕೇರಿ ಮೈದಾನದಲ್ಲಿ ಫೈನಲ್. ಗೋಕಾಕ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಗೋಲು ಹೊಡೆಯುವವನೇ ಇಲ್ಲದಂತಾಯಿತು.

ಮಹೇಶನ ಕಣ್ಣು ಆಟೋದ ಮೇಲಿರಲಿಲ್ಲ, ಪ್ರತೀಕನ ಮೇಲಿತ್ತು. ಗೋಲ್‌ಕೀಪರ್ ಪ್ರತೀಕ ಕಟ್ಟೆಯ ಮೇಲೆ ಕೂತು ಕೈಗವಸಿನ ದಾರ ಕೀಳುತ್ತಿದ್ದ. ನಿನ್ನೆ ಸಂಜೆ ಅವನು ತನ್ನ ಊಟದ ಡಬ್ಬಿಯನ್ನು ಸದ್ದಿಲ್ಲದೆ ಯಲ್ಲೇಶನ ಕೈಗೆ ದಾಟಿಸಿದ್ದನ್ನು ಮಹೇಶ ಕಂಡಿದ್ದ.

ಇದೊಂದೇ ಸಲವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಮೂಡಲಗಿಯ ಪಂದ್ಯದಲ್ಲಿ ಬೀರಸಿದ್ದಪ್ಪ ಹೊಟ್ಟೆ ಹಿಡಿದುಕೊಂಡು ಅರ್ಧಕ್ಕೇ ಹೊರಗೆ ಬಂದಿದ್ದ. ಗೋಕಾಕದಲ್ಲಿ ಸೆಮಿಫೈನಲ್ ನಡೆದ ದಿನ ಬಸವಲಿಂಗ ಹಾಸಿಗೆ ಬಿಟ್ಟು ಏಳಲಿಲ್ಲ. ಹಿಂದಿನ ಸಂಜೆ ಪ್ರತೀಕನ ಡಬ್ಬಿಯನ್ನು ಖಾಲಿ ಮಾಡಿದವರು ಇವರೇ. ಸಾಲದ್ದಕ್ಕೆ ಹುಕ್ಕೇರಿ ತಂಡದ ಕ್ಯಾಪ್ಟನ್ ಪ್ರತೀಕನ ಸೋದರಮಾವನ ಮಗ.

ಪಂದ್ಯದ ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೆ ತಂಡವೆಲ್ಲ ಕೂಡಿ ಉಣ್ಣಬೇಕು ಎನ್ನುವುದು ಕೋಚ್ ಲಕ್ಷ್ಮಣ ಸರ್ ಅವರ ಕಟ್ಟಳೆ. "ಉಪಾಸ, ವನವಾಸ ಅನ್ನವ್ರು ನನ್ನ ಟೀಮಿನ್ಯಾಗ ಬ್ಯಾಡ" ಎಂದು ಹೋದ ವರ್ಷ ಒಬ್ಬನನ್ನು ಹೊರಗೆ ಹಾಕಿದ್ದ ಮನುಷ್ಯ. ಪಂದ್ಯ ಯಾವ ಊರಲ್ಲಿರಲಿ, ಊಟದ ಬುಟ್ಟಿ ಹೋಗುತ್ತಿದ್ದದ್ದು ಮಹೇಶನ ತಾಯಿ ಕೆಂಚವ್ವನ ಖಾನಾವಳಿಯಿಂದ. ಪ್ರತೀಕ ಜೈನರ ಹುಡುಗ, ಉಳ್ಳಾಗಡ್ಡಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಅವನಿಗೆ ಮಾತ್ರ ನೀಲಿ ಮುಚ್ಚಳದ ಡಬ್ಬಿ.

ಆ ಡಬ್ಬಿ ಕೈಗೆ ಬಂದ ಮೇಲೆ ಪ್ರತೀಕ ಮಾಡುತ್ತಿದ್ದದ್ದನ್ನು ಮಹೇಶ ಗಮನಿಸಿದ್ದ. ಅದನ್ನು ಹಿಡಿದುಕೊಂಡು ಒಬ್ಬನೇ ಬೇವಿನ ಗಿಡದ ಆಚೆ ಹೋಗುವುದು, ಪಡುವಣಕ್ಕೆ ಮುಖ ಮಾಡಿ ತುಸು ಹೊತ್ತು ನಿಲ್ಲುವುದು, ಮರಳಿ ಬಂದು ಹಸಿದವನೊಬ್ಬನಿಗೆ ಕೊಟ್ಟುಬಿಡುವುದು. ತಾನು ಒಂದು ತುತ್ತನ್ನೂ ಬಾಯಿಗಿಡುತ್ತಿರಲಿಲ್ಲ. ಗಿಡದ ಹಿಂದೆ ಡಬ್ಬಿಯೊಳಗೆ ಏನು ಬೀಳುತ್ತಿತ್ತೋ?

ಮಹೇಶ ಈ ಸಂಶಯವನ್ನು ಇಷ್ಟು ದಿನ ನುಂಗಿಕೊಂಡಿದ್ದ. ಕಾರಣವಿತ್ತು. ಮೂರು ವರ್ಷದಿಂದ ಅವನು ಎರಡನೆಯ ಗೋಲ್‌ಕೀಪರ್. ಅಂಗಿ ಒಮ್ಮೆಯೂ ಮಣ್ಣಾಗಿರಲಿಲ್ಲ, ಕಾಲೇಜಿನ ಕೊನೆಯ ವರ್ಷ ಬೇರೆ. ತಾನು ಬಾಯಿಬಿಟ್ಟರೆ ಹೊಟ್ಟೆಕಿಚ್ಚು ಎಂದಾರು ಎಂಬ ಅಂಜಿಕೆ. ಸೀಜನ್ ಶುರುವಾದಾಗ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅತ್ತಿದ್ದ.

"ಪ್ರತೀಕ ಇರೂ ತನಕ ನನಗ ಬೆಂಚೇ ಗತಿ ಬೇ."

ಕೆಂಚವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಅಷ್ಟಾದರೂ ಆ ಹುಡುಗನ ಮೇಲೆ ಅವಳಿಗಿದ್ದ ಕಾಳಜಿ ಕಂಡು ಮಹೇಶನಿಗೆ ಮೈ ಉರಿಯುತ್ತಿತ್ತು. ಡಬ್ಬಿ ಮನೆಗೆ ಬಂದ ಕೂಡಲೇ ಮುಚ್ಚಳ ತೆಗೆದು ನೋಡುವಳು.

"ಪ್ರತೀಕ ಎಲ್ಲಾ ಉಂಡನೇನೋ?"

"ಡಬ್ಬಿ ಖಾಲಿ ಐತಲ್ಲ ಬೇ."

"ಆರಾಮ ಅದಾನಿಲ್ಲೋ?"

"ಅವಗೇನ ಧಾಡಿ!"

ಇವತ್ತು ಯಲ್ಲೇಶನ ಮುಖ ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಮಹೇಶ ನೇರ ಲಕ್ಷ್ಮಣ ಸರ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದ. ಕೋಚ್ ಪ್ರತೀಕನನ್ನು ಎಲ್ಲರೆದುರು ನಿಲ್ಲಿಸಿದರು.

"ಡಬ್ಬಿ ಯಾಕ ಮಂದಿಗಿ ಕೊಡ್ತಿದ್ದಿ? ನೀ ಯಾಕ ಉಣ್ಣಲಿಲ್ಲ?"

"ಹಸಿವ ಇರಲಿಲ್ಲರಿ ಸರ್."

"ಮೂರೂ ಸಲ ಹಸಿವ ಇರಲಿಲ್ಲೇನ?"

ಪ್ರತೀಕ ಮತ್ತೆ ಕೈಗವಸಿನ ದಾರ ಕೀಳತೊಡಗಿದ. ಕೋಚ್ ಕೈಗವಸು ಕಿತ್ತುಕೊಂಡು ಮಹೇಶನ ಎದೆಗೆ ಎಸೆದರು. ಮಹೇಶನಿಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು.

ಮಧ್ಯಾಹ್ನ ಮೈದಾನದ ಅಂಚಿನಲ್ಲಿ ಸೆರಗು ಹೊದ್ದು ಕೂತವಳನ್ನು ಕಂಡು ಅವನು ದಂಗಾದ. ಖಾನಾವಳಿ ಬಿಟ್ಟು ಒಂದು ಪಂದ್ಯಕ್ಕೂ ಬಾರದ ಅವ್ವ ಬಸ್ಸು ಹತ್ತಿ ಹುಕ್ಕೇರಿಗೆ ಬಂದಿದ್ದಳು.

"ಇವತ್ತ ನೀ ಆಡೇ ಆಡ್ತಿ ಅಂತ ಮನಸ್ಸಿಗಿ ಅನಿಸಿತ್ತೋ" ಎಂದಳು.

ಮಹೇಶ ಜೀವ ಕೊಟ್ಟು ಆಡಿದ. ಪಂದ್ಯ ಪೆನಾಲ್ಟಿಗೆ ಹೋಯಿತು. ಕೊನೆಯ ಚೆಂಡನ್ನು ಅವನು ಬಲಕ್ಕೆ ಹಾರಿ ಹಿಡಿದ. ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು, ಕೆಂಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕುಣಿತ ನಡೆದಿರುವಾಗಲೇ ಲಕ್ಷ್ಮಣ ಸರ್‌ಗೆ ಫೋನ್ ಬಂತು. ಯಲ್ಲೇಶನನ್ನು ಬೆಳಗಾವಿಗೆ ಸಾಗಿಸಿದ್ದರು. ಅವನಿಗೆ ಮೈಮೇಲೆ ಎಚ್ಚರವಿರಲಿಲ್ಲ, ಡಾಕ್ಟರು ಏನೂ ಹೇಳಲಾಗದು ಎಂದಿದ್ದರು.

"ಪೊಲೀಸ್ರಿಗಿ ಹೇಳೇನಿ, ಬರಾಕತ್ತಾರ" ಎಂದರು ಕೋಚ್, ಪ್ರತೀಕನತ್ತ ನೋಡಿ. "ಈಗರ ಖರೆ ಹೇಳು."

ಪ್ರತೀಕ ಓಡಿಹೋಗಿರಲಿಲ್ಲ. ನೀಲಿ ಮುಚ್ಚಳದ ಡಬ್ಬಿಯನ್ನು ತೊಳೆದು ತಂದಿದ್ದ.

"ಮುನಿಗಳ ಮುಂದ ನೇಮ ಹಿಡದೇನ್ರಿ ಸರ್. ಚಾತುರ್ಮಾಸ ಮುಗಿಯೂ ತನಕ ಹೊತ್ತ ಮುಳುಗಿದ ಮ್ಯಾಲ ನೀರ ಸೈತ ಕುಡ್ಯಾಂಗಿಲ್ಲ. ಗಿಡದ ಆಚೆ ನಿಂತ ಹೊತ್ತ ನೋಡ್ತಿದ್ದೆ, ಪ್ರತಿ ಸಲ ಮುಳುಗೇ ಇರ್ತಿತ್ತು. ನಿಮಗ ಹೇಳಿದ್ರ ಟೀಮಿನಿಂದ ತಗದ ಹಾಕ್ತಿದ್ರಿ." ಕೆಂಚವ್ವನ ಮುಂದೆ ಬಾಗಿ ಡಬ್ಬಿ ಚಾಚಿದ. "ಕಾಕೂ, ನೀವು ನನ್ನ ಸಲುವಾಗಿ ಬ್ಯಾರೆ ಮಾಡಿ ಕಳಸ್ತಿದ್ರಿ. ಚೆಲ್ಲಾಕ ಮನಸ ಬರಲಿಲ್ಲ, ಅದಕ್ಕ ಹಸದವ್ರಿಗಿ ಕೊಟ್ಟೆ."

ಕೆಂಚವ್ವ ಡಬ್ಬಿಗೆ ಕೈ ಚಾಚಲಿಲ್ಲ. ಪ್ರತೀಕನನ್ನು ನೋಡಿದಳು, ಕೈಗವಸು ತೊಟ್ಟ ಮಗನನ್ನು ನೋಡಿದಳು.

"ಭೇದಿ ಹತ್ತಲೆಂತ ಸಲ ಸಲಕ್ಕೂ ಜಾಪಾಳದ ಬೀಜ ಹೆಚ್ಚಗಿ ಅರದ ಹಾಕಿದ್ನಲ್ಲೋ ಮಹೇಶಾ... ಇವ ಒಂದ ಸಲಾನೂ ಉಣ್ಣಲೇ ಇಲ್ಲೇನು?"