ಸಾಸಿವೆ ಬಣ್ಣದ ಕುರ್ತಿ

ಕೀರ್ತನಾ ಬೊಂಬೆಯ ಹಿಂದೆ ಸರಿದು ದುಪಟ್ಟಾವನ್ನು ಮೂಗಿನವರೆಗೆ ಎಳೆದುಕೊಂಡಳು. ಚೂಡಿದಾರ ತೊಟ್ಟ ಬೊಂಬೆಗೆ ತಲೆಯಿರಲಿಲ್ಲ. ಅದರ ಹೆಗಲ ಮೇಲಿಂದ ಅಂಗಡಿ ಪೂರ್ತಿ ಕಾಣುತ್ತಿತ್ತು. ಕೌಂಟರಿನ ಮುಂದೆ ನಿಂತಿದ್ದವಳು ಅವಳ ಅಮ್ಮ ವರಲಕ್ಷ್ಮಿ.

ಜೀವನನನ್ನು ಮದುವೆಯಾಗಿ ಹೆಗ್ಗನಹಳ್ಳಿಯ ಮನೆ ಬಿಟ್ಟು ನಾಳೆಗೆ ವರ್ಷ. ಅವನ ಜಾತಿ ಯಾವುದೆಂದು ತಿಳಿದ ದಿನವೇ ಅಪ್ಪ ಬಾಗಿಲು ಹಾಕಿದ್ದ. ಆಮೇಲೆ ಫೋನಿಲ್ಲ, ಮೆಸೇಜಿಲ್ಲ. ಕೆಂಗೇರಿಯ ಬಾಡಿಗೆ ಮನೆಯಿಂದ ಅವಳು ಇವತ್ತು ವಿಜಯನಗರಕ್ಕೆ ಬಂದದ್ದು ಸಡಿಲವಾದ ಬಟ್ಟೆ ಹುಡುಕಿಕೊಂಡು. ಹಳೆಯದೆಲ್ಲ ಹೊಟ್ಟೆಯ ಹತ್ತಿರ ಬಿಗಿಯತೊಡಗಿತ್ತು. ಈ ಸುದ್ದಿಯನ್ನು ಅಮ್ಮನಿಗೆ ಹೇಗೆ ಮುಟ್ಟಿಸುವುದೆಂದು ಒದ್ದಾಡುತ್ತಿದ್ದವಳಿಗೆ ಅಮ್ಮನೇ ಕಣ್ಣೆದುರು ಸಿಕ್ಕಿದ್ದಳು. ಕಾಲು ಮಾತ್ರ ಮುಂದೆ ಬರಲಿಲ್ಲ.

"ಮಗಳಿಗಾ ಆಂಟಿ?" ಅಂಗಡಿಯ ಹುಡುಗಿ ಕೇಳಿದಳು.

"ಹೂಂ, ನಾಳೆಗೆ ಬೇಕು. ಸಾಸಿವೆ ಬಣ್ಣ ಅಂದ್ರೆ ಅವಳಿಗೆ ಪ್ರಾಣ. ಎಂ ಸೈಜ್ ಕೊಡಮ್ಮ."

ನಾಳೆಗೆ. ಅಮ್ಮ ದಿನ ಮರೆತಿಲ್ಲ.

ಹುಡುಗಿ ಕುರ್ತಿ ಬಿಡಿಸಿದಳು. ವರಲಕ್ಷ್ಮಿ ಅದನ್ನು ಎತ್ತಿ ಹಿಡಿದು ಗೋಡೆಯ ಕನ್ನಡಿಯತ್ತ ತಿರುಗಿದಳು. ಸ್ವಲ್ಪ ಹೊತ್ತು ಹಾಗೇ ನಿಂತಳು. ಸೆರಗು ಸರಿಮಾಡಿಕೊಂಡಳು.

"ಇದು ಬೇಡ. ಎಕ್ಸ್‌ಎಲ್ ಕೊಡು."

"ಈಗ ತಾನೆ ಎಂ ಅಂದ್ರಿ! ಮಗಳು ಅಷ್ಟು ದಪ್ಪನಾ?"

"ಸಡಿಲ ಇರಲಿ."

"ಆಗಲಿಲ್ಲ ಅಂದ್ರೆ ತನ್ನಿ ಆಂಟಿ, ಬದಲಾಯಿಸಿ ಕೊಡ್ತೀವಿ."

"ವಾಪಸ್ ತರೋ ಮಾತೇ ಇಲ್ಲ ಬಿಡು."

ಒಂದೇ ವರ್ಷಕ್ಕೆ ಅಮ್ಮ ತನ್ನ ಅಳತೆ ಮರೆತಳಲ್ಲ ಎಂದು ಕೀರ್ತನಾಳಿಗೆ ಚುರುಕ್ಕೆಂದಿತು.

ಅಮ್ಮ ಹೊರಟಳು. ಇವಳೂ ಹೊರಟಳು, ಒಂದಿಷ್ಟು ದೂರ ಬಿಟ್ಟು. ಮಾರ್ಕೆಟ್ಟಿನಲ್ಲಿ ವರಲಕ್ಷ್ಮಿ ಇಷ್ಟು ನಿಧಾನ ನಡೆದದ್ದನ್ನು ಅವಳು ಕಂಡೇ ಇರಲಿಲ್ಲ. ಅಮ್ಮ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಹೂವಿನವಳ ಹತ್ತಿರ ಒಂದು ಸೇವಂತಿಗೆ ಹಾರ, ದೇವರಿಗಿರಬೇಕು. ಪಕ್ಕದಲ್ಲೇ ಒಂದು ಕುಡಿಬಾಳೆ ಎಲೆ.

"ಒಂದೇನಾ ಅಕ್ಕ?"

"ಒಂದೇ."

ಕೀರ್ತನಾ ತುಟಿ ಕಚ್ಚಿದಳು. ಜೀವನನಿಗೆ ಎಲೆಯಿಲ್ಲ. ಇರಲಿ. ಮೊದಲು ತಾನು ಹೊಸಿಲು ದಾಟಿದರೆ ಸಾಕು. ಮಗು ಹುಟ್ಟಿದ ಮೇಲೆ ಅವನೂ ಬಂದಾನು.

ಸಿಹಿ ಅಂಗಡಿಯಲ್ಲಿ ಮೈಸೂರು ಪಾಕ್, ಅವಳಿಗಿಷ್ಟವಾದ ಗಟ್ಟಿಯದೇ. ಅಂಗಡಿಯವನು ಒಂದು ಚೂರು ಮುರಿದು ರುಚಿಗೆ ಕೊಟ್ಟ. ಅಮ್ಮ ಕೈ ಚಾಚಲಿಲ್ಲ.

"ಬೇಡಪ್ಪ. ಮೊದಲು ಅವಳಿಗೆ. ಆಮೇಲೆ ನಾವು."

ಅಲ್ಲೇ ನಿಂತು ತನ್ನ ತಮ್ಮನಿಗೆ ಫೋನ್ ಮಾಡಿದಳು. "ಕಿಟ್ಟಿ, ಕಾರು ಬೇಗ ಬರಲಿ ಕಣೋ. ಶ್ರೀರಂಗಪಟ್ಟಣ ಮುಗಿಸ್ಕೊಂಡು ಊಟದ ಹೊತ್ತಿಗೆ ಮನೇಲಿರ್ಬೇಕು. ಗೋಬಿ ಮಂಚೂರಿ ಮಾತ್ರ ನಾಳೆನೇ ತಾ, ಬಿಸಿ ಇರಲಿ. ತಿಂಡಿಪೋತಿ ಅಲ್ವಾ ಅವಳು."

ಬೀದಿಯಲ್ಲೇ ಕೀರ್ತನಾಳ ಕಣ್ಣು ತುಂಬಿತು. ಶ್ರೀರಂಗಪಟ್ಟಣ ಎಂದರೆ ಬೇಸಿಗೆ ರಜೆ. ದಾರಿಯಲ್ಲಿ ಮದ್ದೂರು ವಡೆ, ಹೊಳೆಯಲ್ಲಿ ಅಪ್ಪನ ಹೆಗಲು. ಕರೆ ಬರುವವರೆಗೆ ಕಾಯದೆ ತಾನೇ ಹೋಗಿಬಿಡುವುದೆಂದುಕೊಂಡಳು.

ಮರುದಿನ ಊಟದ ಹೊತ್ತಿಗೆ ಜೀವನ್ ಬೈಕನ್ನು ಹೆಗ್ಗನಹಳ್ಳಿಯ ಬೀದಿಯ ತಿರುವಿನಲ್ಲೇ ನಿಲ್ಲಿಸಿದ.

"ಅಮ್ಮ ಬಟ್ಟೆ ತಗೊಂಡ್ರು ಅಂದ ಮಾತ್ರಕ್ಕೆ ನಿಮ್ಮಪ್ಪ ಕರಗಿದಾರೆ ಅಂತಲ್ಲ ಕಣೇ."

"ಗೋಬಿ ತರಿಸ್ತಿದಾರೆ ಕಣೋ! ನಮ್ಮಪ್ಪಂಗೆ ಅದರ ವಾಸನೆ ಕಂಡ್ರೆ ಆಗಲ್ಲ. ಅಂಥೋರು ಮನೆಯೊಳಗೆ ಬಿಟ್ಕೊಂಡಿದಾರೆ ಅಂದ್ರೆ?"

"ಗೋಬಿನ ಬಿಟ್ಕೊಂಡ ಮೇಲೆ ನನ್ನೂ ಬಿಟ್ಕೋತಾರೆ ಅನ್ನು."

ಅವಳು ನಕ್ಕಳು. ನಗುತ್ತಲೇ ನಡೆದಳು.

ಮನೆಯ ಮುಂದೆ ಚಪ್ಪಲಿಗಳ ರಾಶಿ. ರಂಗೋಲಿ ಇರಲಿಲ್ಲ. ಬೆಳಿಗ್ಗೆಯೇ ಹೊರಟ ಅಮ್ಮನಿಗೆ ಪುರುಸೊತ್ತಾಗಿರಲಿಕ್ಕಿಲ್ಲ ಎಂದುಕೊಂಡಳು. ಒಳಗಿನಿಂದ ಗೋಬಿಯ ವಾಸನೆ ಬರುತ್ತಿತ್ತು. ಅದರ ಜೊತೆಗೆ ಕರ್ಪೂರದ್ದೂ.

ನಡುಮನೆಯಲ್ಲಿ ನೆಂಟರೆಲ್ಲ ಗೋಡೆಗೆ ಒರಗಿ ಕೂತಿದ್ದರು. ಮಾತು ನಿಂತಿತು. ಕಿಟ್ಟಿ ಮಾವ ತಲೆ ತಗ್ಗಿಸಿದ. ಅಪ್ಪ ಹನುಮಂತಯ್ಯ ಶ್ರೀರಂಗಪಟ್ಟಣದ ಹೊಳೆದಡದಲ್ಲಿ ತಲೆ ಬೋಳಿಸಿಕೊಂಡು ಬಂದು, ಬರಿಮೈಯಲ್ಲಿ ಪಂಚೆಯುಟ್ಟು ನಿಂತಿದ್ದ. ಅವನ ಮುಂದೆ ಕುಡಿಬಾಳೆ ಎಲೆ. ಎಲೆಯ ತುಂಬ ಮೈಸೂರು ಪಾಕ್, ಗೋಬಿ ಮಂಚೂರಿ. ಪಕ್ಕದ ತಟ್ಟೆಯಲ್ಲಿ ಮಡಿಸಿಟ್ಟ ಕುರ್ತಿ. ಎಲೆಯ ಹಿಂದೆ, ಮಣೆಯ ಮೇಲೆ, ಸೇವಂತಿಗೆ ಹಾರ ಹಾಕಿಸಿಕೊಂಡು ನಗುತ್ತಿದ್ದದ್ದು ಅವಳದೇ ಫೋಟೋ.

"ಅಪ್ಪ..."

ಹನುಮಂತಯ್ಯ ಅವಳನ್ನು ನೋಡಿದ. ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

"ಯಾರು ಬೇಕಿತ್ತಮ್ಮ? ಇವತ್ತು ನಮ್ಮ ಮಗಳ ವರ್ಷದ ತಿಥಿ. ಬಂದೋರು ಹಸ್ಕೊಂಡು ಹೋಗ್ಬಾರ್ದು. ಕೂತ್ಕೊಳ್ಳಿ, ಊಟ ಮಾಡ್ಕೊಂಡು ಹೋಗಿ."

ಹುಟ್ಟಿದಾಗಿನಿಂದ ಅಪ್ಪ ಅವಳಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ವರಲಕ್ಷ್ಮಿ ಒಬ್ಬಳೇ ಎದ್ದಳು. ತಟ್ಟೆಯಿಂದ ಕುರ್ತಿ ಎತ್ತಿಕೊಂಡು ಬಾಗಿಲವರೆಗೆ ಬಂದಳು.

"ಎಡೆಗಿಟ್ಟ ಬಟ್ಟೆ ಯಾರಿಗಾದ್ರೂ ಕೊಡಲೇಬೇಕು. ತಗೋ..." ಗಂಡನತ್ತ ಒಮ್ಮೆ ನೋಡಿದಳು. "ತಗೊಳ್ಳಿ."

ಕುರ್ತಿಯ ಕತ್ತಿನ ಸೈಜ್ ಚೀಟಿ ಮೇಲೆ ಬರುವಂತೆ ಹಿಡಿದಿದ್ದಳು. ಎಕ್ಸ್‌ಎಲ್. ಅವಳ ಕಣ್ಣು ಮಗಳ ಮುಖಕ್ಕೆ ಏರಲಿಲ್ಲ, ಹೊಟ್ಟೆಯ ಮೇಲೇ ನಿಂತಿತ್ತು. ಅಂಗಡಿಯ ಕನ್ನಡಿಯಲ್ಲಿ ಬೊಂಬೆ ಕಂಡಿತ್ತು. ಬೊಂಬೆಯ ಹಿಂದೆ ನಿಂತವಳೂ ಕಂಡಿದ್ದಳು.

"ಬೇಡ," ಎಂದಳು ಕೀರ್ತನಾ. "ಸತ್ತೋಳ ಬಟ್ಟೆ ನಾನು ಹಾಕಲ್ಲ."