ಇನ್ನು ಯಾರೂ ಇಳಿಯುವಂತಿಲ್ಲ

ಮ್ಯಾನ್‌ಹೋಲಿಗಿಳಿದು ಉಸಿರುಗಟ್ಟಿ ಸತ್ತ ಗಂಡನ ಹೆಣವನ್ನು ಪುರಸಭೆಯ ಬಾಗಿಲಿಗೆ ಅಡ್ಡ ಮಲಗಿಸಿ, ಓಬಳಮ್ಮ ಪಟ್ಟು ಹಿಡಿದು ಕೂತಿದ್ದಳು. ಅವಳ ಬೆನ್ನಿಗೆ ಇಡೀ ಕೇರಿಯೇ ಪೊರಕೆ ಕೆಳಗಿಟ್ಟು ಕೂತಿತ್ತು.

"ವಾಸ್ನೆ ಹೊಡೀತದೆ, ಎತ್ತಮ್ಮ ಹೆಣಾನ," ಎಂದರು ಪುರಸಭೆಯ ಸಾಹೇಬರು.

"ನಿಮ್ಮೂರಿನ ವಾಸ್ನೆಯೆಲ್ಲ ಹೊತ್ತೋನು ಸ್ವಾಮಿ, ಒಂದಿನ ತಡ್ಕಳಿ. ಅಪ್ಪನ ಜಾಗಕ್ಕೆ ನನ್ ಮಗನ್ನ ಗುಂಡಿಗಿಳಿಸಲ್ಲ ಅನ್ನಿ, ಎತ್ತೀನಿ."

ಸಂಜೆಯ ಹೊತ್ತಿಗೆ ಸಾಹೇಬರು ಸೋತರು. "ಆಯ್ತಮ್ಮ, ಇನ್ಮೇಲೆ ಯಾರೂ ಇಳಿಯಂಗಿಲ್ಲ. ಗಲೀಜು ಎಳಿಯೋ ಮಿಷಿನ್ನು ತರಿಸ್ತೀವಿ. ಅದ್ರಾಗೆ ನಿನ್ ಮಗನಿಗೇ ಕಾಯಂ ಕೆಲ್ಸ."

ಕೇರಿಯವರು ಚಪ್ಪಾಳೆ ತಟ್ಟಿದರು. ಹೆಣ ಹೆಗಲೇರಿ ಸ್ಮಶಾನದ ದಾರಿ ಹಿಡಿಯಿತು. ಓಬಳಮ್ಮ ಹಿಂದೆ ಉಳಿದು, ಸಾಹೇಬರಿಗೆ ಕೈಮುಗಿದು ಕೇಳಿದಳು.

"ಮಿಷಿನ್ನಾಗೆ ಅವ್ನಿಗೇನು ಕೆಲ್ಸ ಸ್ವಾಮಿ?"

"ಸಲೀಸಿಂದು ಕಣಮ್ಮ. ಪೈಪು ತಳದಾಗೆ ಸಿಕ್ಕಾಕ್ಕೊಂಡ್ರೆ ಇಳಿದು ಬಿಡಿಸೋದು, ಅಷ್ಟೇ."